ಟೊಮೆಟೊ ಗಿಡ ಪೊದೆಯಾಗಿದೆ, ಕಾಯಿ ಮಾತ್ರ ಇಲ್ಲ

ತಾರಸಿಯ ಗ್ರೋಬ್ಯಾಗಿನಲ್ಲಿ ನಾಲ್ಕು ಗಿಡ, ಎದೆಮಟ್ಟ ಬೆಳೆದು ಒಂದರ ಮೇಲೊಂದು ಒರಗಿವೆ, ಎಲೆಯೋ ಎಲೆ, ಕಾಯಿ ಬೆರಳೆಣಿಕೆ, ಕತ್ತರಿ ಹಾಕಬಹುದಾ ಅಂತ ಕೇಳಿದ್ದೀರಿ. ಹಾಕಬಹುದು. ಆದರೆ ಒಂದೇ ದಿನ ಬೋಳಿಸಬೇಡಿ.

ಮೊದಲು ಜಾತಿ ಯಾವುದು ನೋಡಿ. ಬೀಜದ ಪೊಟ್ಟಣ ಎಸೆದಿದ್ದರೆ ಗಿಡವೇ ಹೇಳುತ್ತೆ. ಎರಡು ಹೂಗೊಂಚಲ ನಡುವೆ ಸುಮಾರು ಮೂರು ಎಲೆ ಇದ್ದು ತುದಿ ಬೆಳೀತಾನೇ ಹೋದರೆ ಅದು ಉದ್ದ ಬೆಳೆಯುವ ಜಾತಿ. ಪೂಸಾ ರೂಬಿ, ಹೆಚ್ಚಿನ ಚೆರ್ರಿ ಟೊಮೆಟೊ ಎಲ್ಲ ಹೀಗೇ. ಒಂದೆರಡು ಎಲೆಗೊಂದು ಗೊಂಚಲು ಬಂದು ತುದಿಯೇ ಹೂವಾಗಿ ನಿಂತಿದ್ದರೆ ಗಿಡ್ಡ ಜಾತಿ. ಅದರ ಪಕ್ಕದ ಕುಡಿ ಕಿತ್ತರೆ ಬರುವ ಕಾಯನ್ನೇ ಕಿತ್ತಂತೆ. ಮಣ್ಣು ಮುಟ್ಟುವ ಎಲೆ ತೆಗೆದು ಆಸರೆ ಕೊಟ್ಟರೆ ಸಾಕು. ನಿಮ್ಮದು ಎದೆಮಟ್ಟ ಬಂದಿದೆ ಅಂದರೆ ಬಹುಶಃ ಮೊದಲನೆಯದು.

ಕತ್ತರಿಗಿಂತ ಮುಂಚೆ ಆಸರೆ. 12 ಇಂಚಿನ ಬ್ಯಾಗಿನಲ್ಲಿ ಬಿದಿರು ಕೋಲು ನಿಲ್ಲಲ್ಲ, ಗಿಡದ ಭಾರಕ್ಕೆ ಬ್ಯಾಗ್ ಸಮೇತ ವಾಲುತ್ತೆ. ಮೇಲೊಂದು ಪೈಪು ಅಥವಾ ತಂತಿ ಕಟ್ಟಿ ಸಣಬಿನ ಹುರಿ ಇಳಿಬಿಡಿ. ಬುಡದಲ್ಲಿ ಬೆರಳು ತೂರುವಷ್ಟು ಸಡಿಲ ಕುಣಿಕೆ ಹಾಕಿ, ಕಾಂಡಕ್ಕೆ ಸುತ್ತುತ್ತಾ ಮೇಲೆ ಹೋಗಿ. ಇದನ್ನು ಸಂಜೆ ಮಾಡಿ. ಬೆಳಗಿನ ಹೊತ್ತು ಕಾಂಡದಲ್ಲಿ ನೀರು ತುಂಬಿರುತ್ತೆ, ಸ್ವಲ್ಪ ಬಗ್ಗಿಸಿದರೂ ಲಟಕ್ಕಂತ ಮುರಿಯುತ್ತೆ.

ಕತ್ತರಿಸುವುದು ಮಾತ್ರ ಬಿಸಿಲಿರುವ ಬೆಳಿಗ್ಗೆ, ಗಾಯ ಬೇಗ ಒಣಗಲಿ ಅಂತ. ಎಲೆ ಮತ್ತು ಕಾಂಡ ಸೇರುವ ಕಂಕುಳಲ್ಲಿ ಹುಟ್ಟುತ್ತಲ್ಲ, ಆ ಕುಡಿ ತೆಗೆಯಬೇಕು. ಹೂಗೊಂಚಲು ಕಂಕುಳಲ್ಲಿ ಬರಲ್ಲ, ಎರಡು ಎಲೆಗಳ ನಡುವೆ ನೇರ ಕಾಂಡದಿಂದಲೇ ಹೊರಡುತ್ತೆ. ಹೊಸಬರು ತಪ್ಪುವುದು ಇಲ್ಲೇ. ಮುಖ್ಯ ಕಾಂಡ ಮತ್ತು ಮೊದಲ ಗೊಂಚಲ ಕೆಳಗಿನ ದಪ್ಪ ಕುಡಿ, ಎರಡನ್ನೇ ಉಳಿಸಿ. ಎಳೆ ಕುಡಿಯನ್ನು ಕೈಯಲ್ಲೇ ಚಿವುಟಿ. ಪೆನ್ಸಿಲ್ ದಪ್ಪದ್ದಕ್ಕೆ ಸ್ಪಿರಿಟ್‌ನಲ್ಲಿ ಒರೆಸಿದ ಬ್ಲೇಡು.

ಒಂದು ಸಲಕ್ಕೆ ಗಿಡದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ, ಮುಂದಿನದು ವಾರ ಹತ್ತು ದಿನ ಬಿಟ್ಟು. ನೆರಳಲ್ಲಿದ್ದ ಕಾಯಿಗೆ ಏಕಾಏಕಿ ಬಿಸಿಲು ಹೊಡೆದರೆ ಸಿಪ್ಪೆ ಕಾಗದದ ಹಾಗೆ ಬಿಳಿಚಿ, ಆಮೇಲೆ ಅಲ್ಲೇ ಕೊಳೆಯುತ್ತೆ. ಕತ್ತರಿಸಿದ ಗೇಣುದ್ದದ ಕುಡಿ ಎಸೆಯಬೇಡಿ: ಕೆಳಗಿನ ಎಲೆ ಬಿಡಿಸಿ ನೀರಿನ ಲೋಟದಲ್ಲಿಟ್ಟರೆ ಹತ್ತು ದಿನದೊಳಗೆ ಬೇರು ಬರುತ್ತೆ. ಪುಕ್ಕಟೆ ಸಸಿ.

ಕಾಯಿ ಕಟ್ಟದಿರಲು ಕತ್ತರಿ ಹಾಕದ್ದೊಂದೇ ಕಾರಣ ಅಲ್ಲ. ಎಲೆ ಕಪ್ಪು ಹಸಿರಾಗಿ ಸೊಕ್ಕಿದ್ದರೆ ಸಾರಜನಕ ಜಾಸ್ತಿಯಾಗಿದೆ. ಸಗಣಿ ನೀರು, ಯೂರಿಯಾ ನಿಲ್ಲಿಸಿ, 0:0:50 ಗೊಬ್ಬರ (ಸಾರಜನಕ ಇಲ್ಲದ, ಪೊಟ್ಯಾಷ್ ಮಾತ್ರ ಇರುವ ಪುಡಿ) ಲೀಟರಿಗೆ 3 ಗ್ರಾಂ ಕರಗಿಸಿ ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ಹಾಕಿ. ಬೆಳಿಗ್ಗೆ ಹತ್ತರ ಸುಮಾರಿಗೆ ಗೊಂಚಲನ್ನು ಬೆರಳಿಂದ ಮೆಲ್ಲಗೆ ತಟ್ಟಿ, ಪರಾಗ ಉದುರಲಿ. ಬಿಸಿಲು 35 ಡಿಗ್ರಿ ದಾಟಿದರೆ ಏನು ಮಾಡಿದರೂ ಹೂ ಉದುರುತ್ತೆ, ಅದಕ್ಕೆ ನೆರಳುಬಲೆಯೇ ಗತಿ.

ನಾಲ್ಕರಲ್ಲಿ ಯಾವುದಾದರೂ ಗಿಡದ ಎಲೆ ಮುದುಡಿ, ಅಡಿಯಲ್ಲಿ ಬಿಳಿ ನೊಣ ಹಾರಿದರೆ ಅದನ್ನು ಕೊನೆಗೆ ಮುಟ್ಟಿ. ತುದಿಯೆಲ್ಲ ಸುರುಟಿ ಹಳದಿಯಾಗಿದ್ದರೆ ಅದು ಎಲೆ ಮುದುಡು ನಂಜುರೋಗ. ಕಿತ್ತು ಚೀಲದಲ್ಲಿ ಕಟ್ಟಿ ಹೊರಹಾಕಿ, ಕಾಂಪೋಸ್ಟಿಗೆ ಬೇಡ.