ಸಂಪಾದಕರ ಉತ್ತರ: ಹತ್ತೊಂಬತ್ತನೆಯ ದಿನ ತಪ್ಪಿಹೋದ ಮೇಲೆ

ಮಾನ್ಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆರು ವರ್ಷಗಳಿಂದ ನಮ್ಮ ಪತ್ರಿಕೆಯ ವ್ಯಕ್ತಿತ್ವ ವಿಕಸನದ ಲೇಖನಗಳನ್ನು ಕತ್ತರಿಸಿ ಒಂದು ಕಡತದಲ್ಲಿ ಜೋಡಿಸಿಟ್ಟಿದ್ದೀರಿ. ಮುಖ್ಯವೆನಿಸಿದ ಸಾಲುಗಳಿಗೆ ಅಡಿಗೆರೆ ಎಳೆದಿದ್ದೀರಿ. ಆದರೂ ಅವುಗಳಲ್ಲಿ ಒಂದೂ ನಿಮ್ಮ ದಿನಚರಿಯಲ್ಲಿ ನಿಲ್ಲಲಿಲ್ಲ ಎಂದು ಬರೆದಿದ್ದೀರಿ. ನಸುಕಿನಲ್ಲಿ ಏಳುವುದು, ಧ್ಯಾನ, ವ್ಯಾಯಾಮ, ರಾತ್ರಿ ಹತ್ತು ಪುಟಗಳ ಓದು, ಈ ನಾಲ್ಕನ್ನೂ ಒಟ್ಟಿಗೆ ಆರಂಭಿಸಿ ಹದಿನೆಂಟು ದಿನ ನಡೆಸಿದಿರಿ. ಹತ್ತೊಂಬತ್ತನೆಯ ದಿನ ಜ್ವರ ಬಂದು ಮಲಗಿದಾಗ ಎಲ್ಲವೂ ತಪ್ಪಿಹೋಯಿತು. ಕ್ಯಾಲೆಂಡರಿನಲ್ಲಿ ಗುರುತು ಬೀಳದೆ ಉಳಿದ ಆ ಒಂದು ಚೌಕವನ್ನು ನೋಡಲಾಗದೆ ಕ್ಯಾಲೆಂಡರನ್ನೇ ಗೋಡೆಯಿಂದ ತೆಗೆದಿಟ್ಟಿರಿ. ದೋಷ ನನ್ನ ಮನೋಬಲದಲ್ಲಿದೆಯೋ, ನಿಮ್ಮ ಲೇಖನಗಳಲ್ಲಿದೆಯೋ ಎಂಬುದು ನಿಮ್ಮ ಪ್ರಶ್ನೆ.

ದೋಷದಲ್ಲಿ ನಮ್ಮ ಪಾಲು ದೊಡ್ಡದು. ಇಪ್ಪತ್ತೊಂದು ದಿನ ಮಾಡಿದರೆ ಯಾವ ಅಭ್ಯಾಸವಾದರೂ ಮೈಗೂಡುತ್ತದೆ ಎಂಬ ಮಾತನ್ನು ನೀವು ನಂಬಿದ್ದು ನಮ್ಮ ಪುಟಗಳನ್ನು ಓದಿಯೇ. ಆ ಸಂಖ್ಯೆ ಎಲ್ಲಿಂದ ಬಂತೆಂದು ಹೇಳುವುದು ಈಗ ನನ್ನ ಕರ್ತವ್ಯ. 1960ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ತಮ್ಮ ಅನುಭವವೊಂದನ್ನು ಬರೆದರು: ಶಸ್ತ್ರಚಿಕಿತ್ಸೆಯಾದವರಿಗೆ ತಮ್ಮ ಹೊಸ ಮುಖ ತಮ್ಮದೇ ಎನಿಸಲು ಕಡಿಮೆಯೆಂದರೂ ಸುಮಾರು 21 ದಿನ ಬೇಕಾಗುತ್ತದೆ. ಕನ್ನಡಿಯಲ್ಲಿ ಕಾಣುವ ಮುಖಕ್ಕೆ ಮನಸ್ಸು ಒಗ್ಗಿಕೊಳ್ಳುವ ಕಾಲಕ್ಕೂ ನಸುಕಿನಲ್ಲಿ ಏಳುವ ರೂಢಿಗೂ ಸಂಬಂಧವಿಲ್ಲ. ಮಾತು ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ 'ಕಡಿಮೆಯೆಂದರೂ' ಎಂಬ ಪದ ಉದುರಿಹೋಗಿ, 21 ಎಂಬುದು ಮಾತ್ರ ಉಳಿಯಿತು. ಅದನ್ನು ಪರಿಶೀಲಿಸದೆ ಮುದ್ರಿಸಿದ್ದಕ್ಕೆ ನಿಮ್ಮಲ್ಲಿ ಕ್ಷಮೆ ಕೇಳುತ್ತೇನೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಸಹೋದ್ಯೋಗಿಗಳು ಇದನ್ನು ನಿಜವಾಗಿ ಅಳೆಯಲು ಹೊರಟರು. 96 ಮಂದಿ ತಲಾ ಒಂದೇ ಒಂದು ಸಣ್ಣ ಕೆಲಸವನ್ನು ಆರಿಸಿಕೊಂಡು, ದಿನದ ಯಾವುದಾದರೊಂದು ನಿಶ್ಚಿತ ಸಂದರ್ಭಕ್ಕೆ ಅದನ್ನು ಜೋಡಿಸಿ, 12 ವಾರ ಮಾಡಿದರು. ಯೋಚಿಸದೆಯೇ ಅದು ಎಷ್ಟರಮಟ್ಟಿಗೆ ನಡೆದುಹೋಗುತ್ತಿದೆ ಎಂಬುದನ್ನು ದಿನವೂ ದಾಖಲಿಸಿದರು. ದಾಖಲೆಗಳ ಏರಿಕೆ ಒಂದು ರೇಖೆಗೆ ಸರಿಯಾಗಿ ಹೊಂದಿಬಂದವರನ್ನು ನೋಡಿದರೆ, ಕೆಲಸವು ರೂಢಿಯ ಗರಿಷ್ಠ ಮಟ್ಟದ ಸಮೀಪಕ್ಕೆ ಬರಲು ಬೇಕಾದ ಮಧ್ಯಮ ಅವಧಿ 66 ದಿನ. ಆದರೆ ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ ಬೇಕೆಂಬ ಅಂದಾಜು ಬಂತು. ಅಧ್ಯಯನವೇ 84 ದಿನಗಳದ್ದಾದ್ದರಿಂದ ಕೊನೆಯ ಸಂಖ್ಯೆಯು ರೇಖೆಯನ್ನು ಮುಂದಕ್ಕೆ ಎಳೆದು ಪಡೆದದ್ದು. 21ರ ಜಾಗದಲ್ಲಿ 66ನ್ನು ಕೂರಿಸಿ ಮತ್ತೊಂದು ಗಡುವು ಹಾಕಿಕೊಳ್ಳಬೇಡಿ ಎಂದು ಕೇಳಿಕೊಳ್ಳುತ್ತೇನೆ. ಲೋಟ ನೀರು ಕುಡಿಯುವಂಥ ಸುಲಭದ ಕೆಲಸ ಬೇಗ ರೂಢಿಯಾಗುತ್ತದೆ, ವ್ಯಾಯಾಮ ನಿಧಾನ. ಆರಂಭದ ದಿನಗಳ ಪ್ರತಿ ಪುನರಾವರ್ತನೆಗೂ ಫಲ ಹೆಚ್ಚು, ಬರಬರುತ್ತಾ ಕಡಿಮೆ.

ಅದೇ ಅಧ್ಯಯನದ ಮತ್ತೊಂದು ಅಂಶವನ್ನು ನಿಮಗಾಗಿಯೇ ಎತ್ತಿ ಹೇಳಬೇಕು. ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೇರೂರುವುದಕ್ಕೆ ಗಮನಾರ್ಹವಾದ ಧಕ್ಕೆಯಾಗಲಿಲ್ಲ. ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1890ರಲ್ಲಿಯೇ ಅಭ್ಯಾಸವನ್ನು ಕುರಿತು ಬರೆಯುತ್ತಾ, ಹೊಸ ರೂಢಿ ಗಟ್ಟಿಯಾಗುವ ತನಕ ಒಂದು ವಿನಾಯಿತಿಯನ್ನೂ ಕೊಡಬಾರದು, ಒಮ್ಮೆ ತಪ್ಪುವುದೆಂದರೆ ಜತನದಿಂದ ಸುತ್ತುತ್ತಿದ್ದ ದಾರದ ಉಂಡೆ ಕೈಜಾರಿ ಬಿದ್ದಂತೆ ಎಂದಿದ್ದರು. ಆ ಹೋಲಿಕೆ ಬಹಳ ಚೆಂದದ್ದು, ಕ್ಯಾಲೆಂಡರಿನ ಮುಂದೆ ನಿಂತಾಗ ನಿಮಗಾದ ಸಂಕಟವನ್ನು ಅದು ಯಥಾವತ್ತಾಗಿ ಹಿಡಿದಿಡುತ್ತದೆ. ಆದರೆ ಅಳೆದು ನೋಡಿದಾಗ ದಾರ ಅಷ್ಟೊಂದು ಬಿಚ್ಚಿಕೊಂಡಿರಲಿಲ್ಲ. ನಿಮ್ಮ ಹದಿನೆಂಟು ದಿನಗಳನ್ನು ಹಾಳುಮಾಡಿದ್ದು ಜ್ವರವಲ್ಲ. ಜ್ವರ ಬಿಟ್ಟ ಮೇಲೆ, ಇನ್ನೇನು ಉಳಿದಿದೆ ಎಂದುಕೊಂಡು ಕ್ಯಾಲೆಂಡರನ್ನು ಇಳಿಸಿದ ಆ ಗಳಿಗೆ.

ಇನ್ನು ಮನೋಬಲದ ಮಾತು. ವೆಂಡಿ ವುಡ್ ಅವರೂ ಸೇರಿದಂತೆ ಕೆಲವು ಮನೋವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಸಿನಿಮಾ ನೋಡಲು ಕುಳಿತವರಲ್ಲಿ ಕೆಲವರಿಗೆ ತಾಜಾ ಪಾಪ್‌ಕಾರ್ನ್, ಉಳಿದವರಿಗೆ ಏಳು ದಿನ ಹಳೆಯದಾದ ಪಾಪ್‌ಕಾರ್ನ್ ಕೊಡಲಾಯಿತು. ಸಿನಿಮಾ ಮಂದಿರದಲ್ಲಿ ಅದನ್ನು ತಿನ್ನುವ ರೂಢಿ ಬಲವಾಗಿದ್ದವರು, ರುಚಿಯಿಲ್ಲವೆಂದು ತಾವೇ ಹೇಳುತ್ತಿದ್ದರೂ, ಹಳಸಲನ್ನು ತಾಜಾದಷ್ಟೇ ತಿಂದರು. ಅವರಂಥವರನ್ನೇ ಸಭಾಕೋಣೆಯಲ್ಲಿ ಕೂರಿಸಿದಾಗ, ಅಥವಾ ರೂಢಿಯಿಲ್ಲದ ಕೈಯಿಂದ ತಿನ್ನಲು ಹೇಳಿದಾಗ, ಹಳಸಲನ್ನು ತಿನ್ನುವುದು ಕಡಿಮೆಯಾಯಿತು. ಕತ್ತಲು, ಕುರ್ಚಿ, ಎದುರಿನ ಪರದೆ ಇವು ಕೈಯನ್ನು ನಡೆಸುತ್ತಿದ್ದವೇ ಹೊರತು ನಾಲಿಗೆಯಲ್ಲ. ನಮ್ಮ ಲೇಖನಗಳು ಎಡವಿದ್ದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಅವು ನಿಮ್ಮ ಸಂಕಲ್ಪದೊಡನೆ ಮಾತಾಡಿದವು. ನಿಮ್ಮ ಕೋಣೆ, ನಿಮ್ಮ ಹೊತ್ತು, ನಿಮ್ಮ ಕೈ ತಾನಾಗಿ ಹೋಗುವ ಜಾಗ, ಇವುಗಳ ಬಗ್ಗೆ ಏನೂ ಕೇಳಲಿಲ್ಲ.

ನನ್ನದೇ ಒಂದು ಅನುಭವವನ್ನು ಹೇಳಬಹುದಾದರೆ, ಮಲಗಿದ ಮೇಲೆ ಮೊಬೈಲ್ ನೋಡಬಾರದೆಂದು ಎರಡು ಮೂರು ವರ್ಷ ನಿಶ್ಚಯಿಸುತ್ತಲೇ ಇದ್ದೆ. ಕೊನೆಗೊಂದು ದಿನ ಚಾರ್ಜರನ್ನು ಹಾಸಿಗೆಯ ಪಕ್ಕದಿಂದ ಕಿತ್ತು ಹೊರಗಿನ ಕೋಣೆಗೆ ಸಾಗಿಸಿದೆ. ಮೊದಲ ವಾರ ಕತ್ತಲಲ್ಲಿ ನನ್ನ ಬಲಗೈ ಎಷ್ಟೋ ಸಲ ಆ ಪುಟ್ಟ ಮೇಜಿನ ಮೇಲೆ ತಡಕಾಡಿತು. ಬೆರಳಿಗೆ ಬರಿಯ ಹಲಗೆ ತಗುಲಿದಾಗಲೇ ಕೈ ಅಲ್ಲಿಗೆ ಹೋಗಿದ್ದು ಅರಿವಿಗೆ ಬರುತ್ತಿತ್ತು. ಎರಡನೆಯ ವಾರ ಅದೇ ಜಾಗದಲ್ಲಿ ಒಂದು ಪುಸ್ತಕವಿಟ್ಟೆ. ತಡಕಿದ ಕೈಗೆ ಅದು ಸಿಕ್ಕಿತು, ದೀಪ ಹಾಕಿದೆ, ಓದಿದೆ. ಕೆಲವು ರಾತ್ರಿ ಅರ್ಧ ಪುಟ, ಕೆಲವು ರಾತ್ರಿ ಒಂದು ಅಧ್ಯಾಯ.

ಹಾಗಾಗಿ ನೀವು ಅಡಿಗೆರೆ ಎಳೆದ ವಾಕ್ಯಗಳನ್ನು ನೀವೇ ತಿದ್ದಿ ಬರೆಯಬೇಕು. 'ಪ್ರತಿದಿನ ಓದಿರಿ' ಎಂಬುದು ಯಾರಿಗೆ ಬೇಕಾದರೂ ಹೇಳಬಹುದಾದ ಮಾತು. 'ರಾತ್ರಿ ಹಲ್ಲುಜ್ಜಿ ಬಂದು ಹಾಸಿಗೆಯ ಮೇಲೆ ಕುಳಿತ ಕೂಡಲೇ ಒಂದು ಪುಟ ಓದುತ್ತೇನೆ' ಎಂಬುದು ನಿಮ್ಮೊಬ್ಬರ ಮಾತು. ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ ಎಂದು ಸಂದರ್ಭವನ್ನೂ ಕೆಲಸವನ್ನೂ ಮೊದಲೇ ಗಂಟುಹಾಕಿಕೊಳ್ಳುವ ಈ ಕ್ರಮವನ್ನು ಜರ್ಮನ್ ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಸರ್ ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಬರಿಯ ಉದ್ದೇಶಕ್ಕಿಂತ ಇದು ಹೆಚ್ಚು ಕೈಹಿಡಿಯುತ್ತದೆ ಎಂಬುದು ಅವರ ಮತ್ತು ಅವರ ನಂತರದ ಅನೇಕರ ಅಧ್ಯಯನಗಳಲ್ಲಿ ಕಂಡುಬಂದಿದೆ. ಗಂಟುಹಾಕುವುದು ಗಡಿಯಾರದ ಹೊತ್ತಿಗಿಂತ ಈಗಾಗಲೇ ತಪ್ಪದೆ ನಡೆಯುವ ಕೆಲಸವೊಂದಕ್ಕಾದರೆ ಒಳ್ಳೆಯದು, ಏಕೆಂದರೆ ಗಂಟೆ ಒಂಬತ್ತಾದದ್ದು ನಮ್ಮ ಗಮನಕ್ಕೆ ಬಾರದೆ ಹೋಗಬಹುದು, ಹಲ್ಲುಜ್ಜಿದ್ದು ಹಾಗಾಗುವುದಿಲ್ಲ.

ನಾಲ್ಕನ್ನೂ ಒಟ್ಟಿಗೆ ಹಿಡಿಯಬೇಡಿ. ಒಂದು ಸಾಕು.

ಕಡತವನ್ನು ಎಸೆಯಲೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಬೇಡ. ಅದರಿಂದ ರಾತ್ರಿಯ ಓದಿನ ಕುರಿತ ತುಣುಕನ್ನು ಮಾತ್ರ ಹೊರತೆಗೆದು, ಹತ್ತು ಪುಟ ಎಂದಿರುವಲ್ಲಿ ಒಂದು ಪುಟ ಎಂದು ತಿದ್ದಿ, ಅಂಚಿನಲ್ಲಿ ನಿಮ್ಮ ವಾಕ್ಯವನ್ನು ಬರೆದು, ಉಳಿದದ್ದನ್ನು ಮೇಲಿನ ಕಪಾಟಿಗೆ ಸೇರಿಸಿ. ಕ್ಯಾಲೆಂಡರನ್ನು ಮತ್ತೆ ಮೊಳೆಗೆ ತಗುಲಿಸಿ. ಆ ಖಾಲಿ ಚೌಕ ಅಲ್ಲಿಯೇ ಇರಲಿ. ಮೂರು ತಿಂಗಳಾದ ಮೇಲೆ ದಯವಿಟ್ಟು ನಮಗೆ ಇನ್ನೊಂದು ಪತ್ರ ಬರೆಯಿರಿ. ಎಷ್ಟು ದಿನ ಓದಿದಿರಿ ಎಂಬುದಕ್ಕಿಂತ, ತಪ್ಪಿದ ದಿನದ ಮರುರಾತ್ರಿ ಏನಾಯಿತು ಎಂಬುದನ್ನು ತಿಳಿಯಲು ನಾನು ಕಾಯುತ್ತಿರುತ್ತೇನೆ.

ನಿಮ್ಮ ವಿಶ್ವಾಸದ,
ಸಂಪಾದಕ