ಸೆನೆಟ್ ಮಾತಿಗೆ ಕಾನೂನಿನ ಬಲ ಇದೆ

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿಗೆ ಪಾಠ ಮಾಡಲು ಸೇರಿದ್ದೀರಿ, ಅಲ್ಲಿನ ಅಕಾಡೆಮಿಕ್ ಸೆನೆಟ್, ಅಂದರೆ ಅಧ್ಯಾಪಕರ ಪರವಾಗಿ ಮಾತಾಡುವ ಸಭೆ, ಸುಮ್ನೆ ಹೆಸರಿಗಷ್ಟೇನಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. 1988ರಲ್ಲಿ ರಾಜ್ಯದ ಎಬಿ 1725 ಕಾನೂನು ಬಂದ ಮೇಲೆ ಅಧ್ಯಾಪಕರ ಮಾತಿಗೆ ತೂಕ ಜಾಸ್ತಿಯಾಯಿತು. ಸೆನೆಟ್ ಮಾತು ನಡೆಯುವುದು ಪಠ್ಯಕ್ರಮ, ಗ್ರೇಡಿಂಗ್, ಬಜೆಟ್ ತಯಾರಿಯ ಕ್ರಮ ಹೀಗೆ ಹತ್ತು ವಿಷಯಗಳಲ್ಲಿ, ಜೊತೆಗೆ ಕಾಲೇಜಿನ ಆಡಳಿತ ಮಂಡಳಿ ಮತ್ತು ಸೆನೆಟ್ ಇಬ್ಬರೂ ಒಪ್ಪಿ ಸೇರಿಸಿಕೊಂಡ ಇತರ ವಿಷಯಗಳಲ್ಲಿ. ಇದನ್ನೇ ಎಲ್ಲರೂ ‘ಟೆನ್ ಪ್ಲಸ್ ಒನ್’ ಅನ್ನುವುದು. ಇವುಗಳಲ್ಲಿ ಆಡಳಿತ ಮಂಡಳಿ ಒಂದೋ ಸೆನೆಟ್ ಸಲಹೆಯನ್ನೇ ಮುಖ್ಯವಾಗಿ ನೆಚ್ಚಬೇಕು, ಇಲ್ಲವೇ ಸೆನೆಟ್ ಜೊತೆ ಕೂತು ಒಮ್ಮತಕ್ಕೆ ಬರಬೇಕು. ಯಾವುದಕ್ಕೆ ಯಾವ ದಾರಿ ಅನ್ನುವುದು ನಿಮ್ಮ ಮಂಡಳಿಯ ಪಾಲಿಸಿಯಲ್ಲಿರುತ್ತದೆ. ಮೊದಲು ಅದನ್ನು ಓದಿ. ಸಂಬಳದ ಮಾತುಕತೆ ಮಾತ್ರ ಯೂನಿಯನ್ ಕೆಲಸ.

ಕಚೇರಿ, ಲ್ಯಾಬ್ ಸಿಬ್ಬಂದಿಗೂ ತಮಗೆ ತಟ್ಟುವ ವಿಷಯಗಳಲ್ಲಿ ಭಾಗವಹಿಸುವ ಹಕ್ಕಿದೆ. ಇದನ್ನು ಬಹಳ ಜನ ಮರೆತೇಬಿಡುತ್ತಾರೆ, ನನಗೆ ಅದೇ ಬೇಸರ. ನಮ್ಮ ಪಠ್ಯಕ್ರಮ ಸಮಿತಿಯಲ್ಲಿ ಒಮ್ಮೆ ಹೊಸ ಕೆಮಿಸ್ಟ್ರಿ ಕೋರ್ಸಿಗೆ ಎಲ್ಲರೂ ಕೈ ಎತ್ತುವುದರಲ್ಲಿದ್ದೆವು. ಲ್ಯಾಬ್ ಟೆಕ್ನಿಷಿಯನ್ ಒಬ್ಬರು ಮೆಲ್ಲಗೆ ‘ಮೂವತ್ತು ಮಕ್ಕಳಿಗೆ ಫ್ಯೂಮ್ ಹುಡ್ (ರಾಸಾಯನಿಕಗಳ ಹೊಗೆ ಹೀರುವ ಕಪಾಟು) ನಾಲ್ಕೇ ಇವೆ’ ಅಂದರು. ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಪ್ರಸ್ತಾಪ ತಿದ್ದಲು ವಾಪಸ್ ಹೋಯಿತು.

ಸೆನೆಟ್ ಸಭೆಗೆ ಯಾರು ಬೇಕಾದರೂ ಬರಬಹುದು. ಅಜೆಂಡಾ 72 ಗಂಟೆ ಮೊದಲೇ ಹಾಕಿರುತ್ತಾರೆ. ಮುಂದಿನ ಸಭೆಗೆ ಹೋಗಿ ಕೂತುಕೊಳ್ಳಿ.