ಗಾಡಿ ರಾತ್ರಿ ನಿಲ್ಲುವುದು ಯಾವ ರಾಜ್ಯದಲ್ಲಿ?

ಮಂಗಳೂರಲ್ಲಿ ಇಷ್ಟೊಂದು ಕೆಎಲ್ 14, ಅಂದರೆ ಕೇರಳದ ಕಾಸರಗೋಡು ನಂಬರಿನ ಬೈಕುಗಳು ಓಡಾಡುತ್ತವೆ, ಇವರೆಲ್ಲ ನಂಬರ್ ಬದಲಾಯಿಸಬೇಕಲ್ವಾ ಅಂತ ಕೇಳಿದಿರಿ. ಹೆಚ್ಚಿನವರು ಬದಲಾಯಿಸಬೇಕಾಗಿಲ್ಲ. ಬೆಂಗಳೂರಿಂದ ನಮ್ಮ ಕಾಸರಗೋಡು ಜಿಲ್ಲೆಯ ಉಪ್ಪಳಕ್ಕೆ ವರ್ಗವಾಗಿ ಬರುವ ನೀವು ಮಾತ್ರ ಬದಲಾಯಿಸಬೇಕಾಗಬಹುದು. ಯಾಕೆ ಅಂತ ಹೇಳುತ್ತೇನೆ.

ನಾನು ಮಂಜೇಶ್ವರದವನು. ನಮಗೆ ಮಂಗಳೂರು ಸುಮಾರು 20 ಕಿಲೋಮೀಟರ್. ನಮ್ಮದೇ ಜಿಲ್ಲಾ ಕೇಂದ್ರ ಕಾಸರಗೋಡು 30ರ ಹತ್ತಿರ. 1956ರ ನವೆಂಬರ್ 1ಕ್ಕೆ ನಾವು ಕೇರಳದವರಾದೆವು. ಆದರೆ ಕಾಲೇಜು, ಆಸ್ಪತ್ರೆ, ಕೆಲಸ ಅಂತ ಹೋಗುವುದು ಈಗಲೂ ಮಂಗಳೂರಿಗೇ. ಬೆಳಿಗ್ಗೆ ತಲಪಾಡಿಯ ರಾಜ್ಯ ಗಡಿ ದಾಟುತ್ತೇವೆ, ಸಂಜೆ ಮತ್ತೆ ದಾಟುತ್ತೇವೆ. ಪೆಟ್ರೋಲ್ ಕೂಡ ಆಚೆ ಬದಿಯಲ್ಲೇ ಹಾಕಿಸುತ್ತೇವೆ, ಅಲ್ಲಿ ಕಡಿಮೆ.

1988ರ ಮೋಟಾರು ವಾಹನ ಕಾಯ್ದೆಯಲ್ಲಿ ಒಂದು ರಾಜ್ಯದ ನೋಂದಣಿ ಇಡೀ ದೇಶಕ್ಕೆ ನಡೆಯುತ್ತದೆ. ಗಾಡಿಯನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಮಾತ್ರ ಅಲ್ಲಿನ ಹೊಸ ನಂಬರ್ ಬೇಕು. ಅದು 47ನೇ ಸೆಕ್ಷನ್. ‘ಇಟ್ಟುಕೊಂಡರೆ’ ಎಂಬ ಮಾತನ್ನು ಗಮನಿಸಿ. ಹಗಲು ಮಂಗಳೂರಿನ ಪಂಪ್‌ವೆಲ್‌ನಲ್ಲಿ ಓಡಿ ರಾತ್ರಿ ಮಂಜೇಶ್ವರದ ಮನೆಯಂಗಳದಲ್ಲಿ ನಿಲ್ಲುವ ಬೈಕ್ ಕೇರಳದ್ದೇ.

ಮಧ್ಯೆ ಒಮ್ಮೆ ನಮಗೆಲ್ಲ ಹೆದರಿಕೆ ಹಿಡಿದಿತ್ತು. 2014ರಲ್ಲಿ ಕರ್ನಾಟಕ ತನ್ನ ತೆರಿಗೆ ಕಾಯ್ದೆ ತಿದ್ದಿ, ಹೊರರಾಜ್ಯದ ಗಾಡಿ 30 ದಿನ ದಾಟಿದರೆ ಜೀವಾವಧಿ ತೆರಿಗೆ ಕಟ್ಟಬೇಕು ಅಂದಿತು. 2016ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆ ನಡುವಿನ ದಿನಗಳಲ್ಲಿ ಕೆಎಲ್ ನಂಬರ್ ಕಂಡರೆ ತಪಾಸಣೆಯವರು ಕೈ ಅಡ್ಡ ಹಿಡಿಯುತ್ತಿದ್ದರು.

ನನ್ನ ತಮ್ಮನಿಗೆ ಆದದ್ದು ಹೇಳುತ್ತೇನೆ. ಅವನು ಮಂಗಳೂರಲ್ಲಿ ಓದುತ್ತಿದ್ದ, ದಿನಾ ಮನೆಗೆ ಬರುತ್ತಿದ್ದ. ಒಂದು ದಿನ ತಪಾಸಣೆಯಲ್ಲಿ ಹಿಡಿದು, ಗಾಡಿ ಇಲ್ಲಿ ಎಷ್ಟು ಕಾಲದಿಂದ ಇದೆ ಅಂತ ಕೇಳಿದರು. ದಿನಾ ಹೋಗಿ ಬರುತ್ತೇನೆ ಅಂದರೆ ನಂಬಲಿಲ್ಲ. ಅರ್ಧ ದಿನ ರಸ್ತೆ ಬದಿಯಲ್ಲೇ ನಿಂತ. ಕೊನೆಗೆ ಅಪ್ಪ ಉಪ್ಪಳದ ಸರ್ವಿಸ್ ಬಿಲ್ಲುಗಳ ಕಟ್ಟು ತಂದು, ಗಾಡಿ ಇರುವುದು ಕೇರಳದಲ್ಲೇ ಅಂತ ತೋರಿಸಿದ ಮೇಲೆ ಬಿಟ್ಟರು. ಅವತ್ತು ಅವನಿಗೆ ಇಂಟರ್ನಲ್ ಪರೀಕ್ಷೆ ಇತ್ತು, ತಪ್ಪಿ ಹೋಯಿತು. ನನಗೆ ಈಗಲೂ ಬೇಸರ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಸರ್ವಿಸ್ ಬಿಲ್ಲನ್ನೂ ಬಿಸಾಡುವುದಿಲ್ಲ.

2020ರ ಮಾರ್ಚಿನಲ್ಲಿ, ಕೊರೊನಾ ಸಮಯದಲ್ಲಿ, ಕರ್ನಾಟಕದವರು ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು ನಿಮಗೆ ನೆನಪಿರಬಹುದು. ಆಡುವುದು ಕನ್ನಡವೇ ಆದರೂ ನಂಬರ್ ಪ್ಲೇಟು ನೋಡಿಯೇ ನಮ್ಮನ್ನು ಅಳೆಯುತ್ತಾರೆ ಮಾರಾಯ್ರೆ. ಅದು ನೋವಿನ ಮಾತು.

ಈಗ ನಿಮ್ಮ ವಿಷಯ. ವರ್ಷಕ್ಕಿಂತ ಜಾಸ್ತಿ ಇರುತ್ತೀರಿ ಅಂತಾದರೆ ನಿಮ್ಮ ಕೆಎ ಬೈಕಿಗೆ ಮೊದಲು ಬೆಂಗಳೂರಿನ ನಿಮ್ಮ ಆರ್‌ಟಿಒದಿಂದ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ ತೆಗೆಸಬೇಕು. ಅದು ಫಾರ್ಮ್ 28. ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು. ಬಾಕಿ ದಂಡಗಳನ್ನು ಬೆಂಗಳೂರಲ್ಲೇ ಮುಗಿಸಿ ಬನ್ನಿ. ಇಲ್ಲಿ ಹೊಸ ನಂಬರಿನ ಅರ್ಜಿ ಫಾರ್ಮ್ 27 ಕೊಟ್ಟು, ಬೈಕನ್ನು ಕಾಸರಗೋಡಿನ ಆರ್‌ಟಿಒಗೆ ಒಯ್ದು ತೋರಿಸಬೇಕು. ಇನ್‌ಸ್ಪೆಕ್ಟರ್ ಚಾಸಿಸ್ ನಂಬರ್, ಎಂಜಿನ್ ನಂಬರ್ ತಾಳೆ ನೋಡುತ್ತಾರೆ. ಚಾಸಿಸ್ ನಂಬರಿನ ಮೇಲೆ ಕೆಸರು, ತುಕ್ಕು ಕೂತಿದ್ದರೆ ಮೊದಲೇ ಉಜ್ಜಿ ತೆಗೆಯಿರಿ. ಇಲ್ಲಿನ ಮಳೆಗೆ ಬೇಗ ತುಕ್ಕು ಹಿಡಿಯುತ್ತದೆ.

ಕೈ ಸುಡುವುದು ತೆರಿಗೆ. ಬೈಕಿನ ವಯಸ್ಸು ನೋಡಿ ಕೇರಳದ ತೆರಿಗೆ ಮೊದಲು ಕಟ್ಟಬೇಕು. ಕರ್ನಾಟಕದಲ್ಲಿ ಕಟ್ಟಿದ ಜೀವಾವಧಿ ತೆರಿಗೆಯಲ್ಲಿ ಉಳಿದ ಪಾಲು ವಾಪಸ್ ಕೇಳಬಹುದು, ಆದರೆ ಅದು ಆಮೇಲೆ. ನಿಮ್ಮ ಹಳೆಯ ತೆರಿಗೆ ರಸೀದಿ ಎಲ್ಲಿದೆ ಅಂತ ಇವತ್ತೇ ಹುಡುಕಿಡಿ.

ಹೊಗೆ ಪರೀಕ್ಷೆಗೆ ತಲೆ ಕೆಡಿಸಿಕೊಳ್ಳಬೇಡಿ. ಮಂಗಳೂರಿನವರು ಎಮಿಷನ್ ಅಂದರೂ, ನಾವು ಪೊಲ್ಯೂಷನ್ ಅಂದರೂ ಕಾಗದ ಒಂದೇ. ದೇಶಕ್ಕೆಲ್ಲ ನಡೆಯುತ್ತದೆ. ಹೊಗೆ ಮಾನದಂಡದಲ್ಲಿ ಬಿಎಸ್ 4, ಬಿಎಸ್ 6 ಆಗಿರುವ ಗಾಡಿಗೆ ವರ್ಷಕ್ಕೊಮ್ಮೆ, ಹಳೆಯದಕ್ಕೆ 6 ತಿಂಗಳಿಗೊಮ್ಮೆ. ಅದು ಬಿಟ್ಟರೆ ಸ್ವಂತ ಬೈಕಿಗೆ 15 ವರ್ಷದವರೆಗೆ ಬೇರೆ ಕಡ್ಡಾಯ ಪರೀಕ್ಷೆ ಇಲ್ಲ. ಆಮೇಲೆ ಗಾಡಿ ತೋರಿಸಿ 5 ವರ್ಷಕ್ಕೆ ನವೀಕರಿಸಬೇಕು.

ಮುಂದೆ ಹೊಸ ಬೈಕ್ ತೆಗೆದುಕೊಳ್ಳುವುದಾದರೆ 2021ರಲ್ಲಿ ಬಂದ ಬಿಎಚ್ ಸರಣಿ ನೋಡಿ, ರಾಜ್ಯ ಬದಲಾದರೂ ಅದರ ನಂಬರ್ ಬದಲಾಯಿಸಬೇಕಿಲ್ಲ. ಸರ್ಕಾರಿ ನೌಕರರಿಗೆ, 4ಕ್ಕಿಂತ ಕಡಿಮೆಯಿಲ್ಲದ ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಯವರಿಗೆ ಅದು ಸಿಗುತ್ತದೆ. ವರ್ಗಾವಣೆ ಆಗುತ್ತಲೇ ಇರುವ ನಿಮ್ಮಂಥವರಿಗೆ ಒಳ್ಳೆಯದು.

ಸದ್ಯಕ್ಕೆ ಒಂದು ಕೆಲಸ ಮಾಡಿ. ಬೈಕನ್ನು ರೈಲಲ್ಲಿ ಹಾಕಿ ತರುವುದಾದರೆ ಪಾರ್ಸೆಲ್ ರಸೀದಿಯನ್ನು ಆರ್‌ಸಿ ಜೊತೆ ಇಟ್ಟುಕೊಳ್ಳಿ. ಯಾರಾದರೂ ಹಿಡಿದು ಕೇಳಿದರೆ ಆ 12 ತಿಂಗಳ ಲೆಕ್ಕಕ್ಕೆ ಅದೇ ಸಾಕ್ಷಿ.